ಕೆಫೀನ್ ಇಳಿಸುವುದು ಹೇಗೆ: ಪುಡಿಯ ಲೆಕ್ಕ, ಗಡಿಯಾರದ ಲೆಕ್ಕ

ಕಾಫಿ ಬಿಡಬೇಕೆಂದು ಹೊರಟವರು ಸಾಮಾನ್ಯವಾಗಿ ಎಡವುವುದು ಎರಡನೇ ದಿನ. ಮೊದಲ ದಿನ ಹುರುಪಿನಲ್ಲಿ ಕಳೆದುಹೋಗುತ್ತದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಣ್ಣಿನ ಹಿಂದೆ ಶುರುವಾದ ನೋವು ತಲೆಯಿಡೀ ಹಬ್ಬುತ್ತದೆ, ಮಾತು ಬೇಡ, ಕೆಲಸ ಬೇಡ ಅನ್ನಿಸುತ್ತದೆ. ಸೋತು ಒಂದು ಕಪ್ ಕುಡಿದರೆ ಗಂಟೆಯೊಳಗೆ ಎಲ್ಲವೂ ಇಳಿದುಹೋಗುತ್ತದೆ. ‘ನನ್ನ ದೇಹಕ್ಕೆ ಕಾಫಿ ಬೇಕೇ ಬೇಕು’ ಎಂಬ ತೀರ್ಮಾನ ಅಲ್ಲಿಗೆ ಗಟ್ಟಿಯಾಗುತ್ತದೆ. ಆ ತೀರ್ಮಾನ ತಪ್ಪು. ಒಂದೇ ದಿನದಲ್ಲಿ ಇಳಿಸಿದ್ದನ್ನು ನಾಲ್ಕೈದು ವಾರಗಳಲ್ಲಿ ಇಳಿಸಿದ್ದರೆ ಆ ತಲೆನೋವು ಬಹುತೇಕ ಬರುತ್ತಲೇ ಇರಲಿಲ್ಲ. ಇದರಲ್ಲಿ ಮನೋಬಲದ ಪಾತ್ರ ಚಿಕ್ಕದು. ಎಷ್ಟು ಕೆಫೀನ್ ಒಳಗೆ ಹೋಗುತ್ತಿದೆ, ಯಾವ ಹೊತ್ತಿಗೆ ಹೋಗುತ್ತಿದೆ, ಯಾವ ವೇಗದಲ್ಲಿ ಇಳಿಸುತ್ತಿದ್ದೀರಿ ಎಂಬ ಮೂರು ಲೆಕ್ಕ ಸರಿಯಿದ್ದರೆ ಸಾಕು.

ಎಲ್ಲರೂ ಬಿಡಲೇಬೇಕು ಎಂದೇನೂ ಇಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗಿನ ಕೆಫೀನ್, ಒಂದೇ ಸಲಕ್ಕೆ 200 ಮಿಲಿಗ್ರಾಂವರೆಗೆ, ಚಿಂತೆಗೆ ಕಾರಣವಲ್ಲ ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ದಿನಕ್ಕೆ ಅದೇ 400ರ ಗಡಿಯನ್ನು ಹೇಳುತ್ತದೆ. ಆದರೆ ಇದು ಸರಾಸರಿ ದೇಹದ ಮಾತು. 150 ಮಿಲಿಗ್ರಾಂಗೇ ಕೈ ನಡುಗುವವರಿದ್ದಾರೆ, ಮಧ್ಯಾಹ್ನದ ಒಂದೇ ಕಪ್ಪಿಗೆ ರಾತ್ರಿ ಎರಡರವರೆಗೆ ಕಣ್ಣು ಮುಚ್ಚಲಾಗದವರಿದ್ದಾರೆ. ಅಂಥವರಿಗೆ 400 ಎಂಬುದು ಸುರಕ್ಷಿತ ಗಡಿಯೇ ಅಲ್ಲ.

ಒಳಗೆ ನಡೆಯುವುದೇನು

ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗುತ್ತದೆ. ಅದು ನರಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡಷ್ಟೂ ಮಂಪರು ಹೆಚ್ಚು. ನಿದ್ದೆ ಮಾಡಿದಾಗ ಅದು ಇಳಿಯುತ್ತದೆ. ಕೆಫೀನಿನ ಅಣು ಆಕಾರದಲ್ಲಿ ಅಡೆನೊಸಿನನ್ನು ಹೋಲುವುದರಿಂದ ಅದೇ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ, ಆದರೆ ಮಂಪರಿನ ಸಂದೇಶವನ್ನು ಮಾತ್ರ ಕಳಿಸುವುದಿಲ್ಲ. ತಾನು ಕೂತು ಇನ್ನೊಬ್ಬರಿಗೆ ಜಾಗ ಸಿಗದ ಹಾಗೆ ಮಾಡುತ್ತದೆ. ಆಯಾಸ ಹೋಗಿರುವುದಿಲ್ಲ, ಆಯಾಸದ ಸುದ್ದಿ ಮುಟ್ಟುತ್ತಿಲ್ಲ, ಅಷ್ಟೆ. ಕಾಫಿಯ ಪ್ರಭಾವ ಇಳಿದ ಮೇಲೆ ಒಮ್ಮೆಲೇ ಸುಸ್ತು ಬಂದು ಕವಿಯುವುದು ಇದೇ ಕಾರಣಕ್ಕೆ.

ದಿನವೂ ಹೀಗೆ ತಡೆದರೆ ಮಿದುಳು ಹೊಂದಿಕೊಳ್ಳುತ್ತದೆ, ಅಡೆನೊಸಿನ್‌ಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮೊದಲು ಒಂದು ಕಪ್ಪಿನಲ್ಲಿ ಸಿಗುತ್ತಿದ್ದ ಚುರುಕಿಗೆ ಈಗ ಎರಡು ಬೇಕಾಗುತ್ತದೆ. ಬೆಳಗಿನ ಮೊದಲ ಕಪ್ ಹೆಚ್ಚಿನವರಿಗೆ ಹೊಸ ಚೈತನ್ಯವನ್ನೇನೂ ಕೊಡುವುದಿಲ್ಲ. ರಾತ್ರಿಯಿಡೀ ಕೆಫೀನ್ ಇಲ್ಲದೆ ಶುರುವಾಗಿದ್ದ ಕೊರತೆಯನ್ನು ತುಂಬಿ ಮಾಮೂಲಿ ಸ್ಥಿತಿಗೆ ತರುತ್ತದೆ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಸಂಕುಚಿಸುತ್ತದೆ ಕೂಡ. ಥಟ್ಟನೆ ನಿಲ್ಲಿಸಿದರೆ ಅವು ಹಿಗ್ಗುತ್ತವೆ, ರಕ್ತದ ಹರಿವು ಏರುತ್ತದೆ, ತಲೆ ಸಿಡಿಯತೊಡಗುತ್ತದೆ. ಎರಡನೇ ದಿನದ ನೋವಿನ ಮೂಲ ಇದು.

ಕುಡಿದ ಕೆಫೀನ್ ಸುಮಾರು 45 ನಿಮಿಷದಲ್ಲಿ ಹೆಚ್ಚೂಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಅದನ್ನು ಒಡೆಯುವುದು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವ. ಕುಡಿದದ್ದರಲ್ಲಿ ಅರ್ಧ ಕರಗಲು ಸರಾಸರಿ 5 ಗಂಟೆ ಬೇಕು. ಆದರೆ ಈ ಅರ್ಧಾಯುಷ್ಯ ಒಬ್ಬೊಬ್ಬರಲ್ಲಿ ಒಂದೂವರೆ ಗಂಟೆಯಿಂದ ಒಂಬತ್ತೂವರೆ ಗಂಟೆಯವರೆಗೂ ಇರಬಹುದು. ಸಂಜೆ 4ಕ್ಕೆ 100 ಮಿಲಿಗ್ರಾಂ ಕುಡಿದವರಲ್ಲಿ ರಾತ್ರಿ 9ಕ್ಕೆ 50, ನಡುರಾತ್ರಿ 2ಕ್ಕೆ 25 ಉಳಿದಿರುತ್ತದೆ. ಅಂದರೆ ಮಲಗುವಾಗ ಅರ್ಧ ಕಪ್ ಕುಡಿದಂತೆಯೇ. ‘ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತದೆ’ ಎನ್ನುವವರಿಗೆ ನಿದ್ದೆ ಬರುವುದು ನಿಜವೇ, ಗಾಢ ನಿದ್ದೆಯ ಪಾಲು ಕಡಿಮೆಯಾಗಿರುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೊಟ್ಟಾಗಲೂ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿತಗೊಂಡಿತ್ತು. ಮರುದಿನ ಸುಸ್ತು, ಸುಸ್ತಿಗೆ ಮತ್ತೊಂದು ಕಪ್, ಅದರಿಂದ ಮತ್ತೆ ನಿದ್ದೆಗೇಡು. ಈ ಸುತ್ತನ್ನು ಎಲ್ಲಾದರೂ ಕತ್ತರಿಸಬೇಕಾದರೆ ಸಂಜೆಯ ಕಪ್ಪಿನಲ್ಲೇ ಕತ್ತರಿಸಬೇಕು.

ಯಾರು ಇಳಿಸಬೇಕು

ಇಳಿಸಬೇಕಾದ ಸೂಚನೆಗಳು ಇವು: ಕಾರಣವಿಲ್ಲದ ಕಳವಳ, ಎದೆ ಡವಗುಟ್ಟುವುದು, ಬೆರಳು ನಡುಗುವುದು, ಎದೆಯುರಿ, ಪದೇ ಪದೇ ಮೂತ್ರಕ್ಕೆ ಅವಸರ, ರಾತ್ರಿ ಎಚ್ಚರವಾಗುವುದು. ರಜೆಯ ದಿನ ತಡವಾಗಿ ಎದ್ದಾಗಲೆಲ್ಲ ತಲೆನೋವು ಬರುವುದು ಇನ್ನೊಂದು ಸೂಚನೆ, ಅದನ್ನು ಯಾರೂ ಗಮನಿಸುವುದಿಲ್ಲ. ದಿನವೂ 7ಕ್ಕೆ ಸಿಗುತ್ತಿದ್ದ ಕೆಫೀನ್ ಆ ದಿನ 10ಕ್ಕೆ ಸಿಕ್ಕಿರುತ್ತದೆ, ಅಷ್ಟರಲ್ಲಿ ಕೊರತೆ ಶುರುವಾಗಿರುತ್ತದೆ. ಉಪವಾಸದ ದಿನದ ತಲೆನೋವಿನಲ್ಲೂ ಹಸಿವಿಗಿಂತ ಇದರ ಪಾಲೇ ಹೆಚ್ಚಿರಬಹುದು.

ರಕ್ತದೊತ್ತಡದ ವಿಷಯದಲ್ಲಿ ಗೊಂದಲ ಜಾಸ್ತಿ. ಅಭ್ಯಾಸವಿಲ್ಲದವರಲ್ಲಿ ಕೆಫೀನ್ ಒತ್ತಡವನ್ನು ಕೆಲವು ಗಂಟೆಗಳ ಮಟ್ಟಿಗೆ ಏರಿಸುತ್ತದೆ, ದಿನವೂ ಕುಡಿಯುವವರಲ್ಲಿ ಈ ಏರಿಕೆ ತಗ್ಗುತ್ತದೆ. ಮನೆಯಲ್ಲಿ ಬಿ.ಪಿ. ನೋಡಿಕೊಳ್ಳುವವರು ಕಾಫಿ ಅಥವಾ ಟೀ ಕುಡಿದು ಕನಿಷ್ಠ 30 ನಿಮಿಷ ಬಿಟ್ಟು ಅಳೆಯಬೇಕು. ನಿಮ್ಮ ದೇಹ ಹೇಗೆ ಸ್ಪಂದಿಸುತ್ತದೆ ಎಂದು ತಿಳಿಯಬೇಕಿದ್ದರೆ ಕುಡಿಯುವ ಮೊದಲೊಮ್ಮೆ, ಕುಡಿದು ಒಂದು ಗಂಟೆಗೆ ಇನ್ನೊಮ್ಮೆ, ಮೂರ್ನಾಲ್ಕು ದಿನ ಅಳೆದು ಬರೆದಿಡಿ. ಪ್ರತಿ ಸಲವೂ 10 ಅಂಕಿಯಷ್ಟು ಏರುತ್ತಿದ್ದರೆ ಆ ಬರಹವನ್ನು ವೈದ್ಯರಿಗೆ ತೋರಿಸಿ.

ಗರ್ಭಿಣಿಯರಿಗೆ ಲೆಕ್ಕವೇ ಬೇರೆ. ಕೊನೆಯ ತಿಂಗಳುಗಳಲ್ಲಿ ಕೆಫೀನಿನ ಅರ್ಧಾಯುಷ್ಯ 15 ಗಂಟೆಯವರೆಗೂ ಹಿಗ್ಗುತ್ತದೆ, ಅದು ಮಗುವನ್ನೂ ತಲುಪುತ್ತದೆ. ದಿನಕ್ಕೆ 200 ಮಿಲಿಗ್ರಾಂ ಮೀರಬಾರದು, ಹಾಲೂಡಿಸುವ ತಾಯಂದಿರಿಗೂ ಅದೇ ಗಡಿ. ನವಜಾತ ಶಿಶುವಿನ ಯಕೃತ್ತು ಕೆಫೀನನ್ನು ಒಡೆಯಲು ಇನ್ನೂ ಕಲಿತಿರುವುದಿಲ್ಲ, ಅರ್ಧ ಕರಗಲೇ ಮೂರು ದಿನಕ್ಕೂ ಹೆಚ್ಚು ಬೇಕಾಗುತ್ತದೆ. ಮಕ್ಕಳಿಗೆ ಐರೋಪ್ಯ ಪ್ರಾಧಿಕಾರ ಹೇಳುವುದು ಕಿಲೋ ತೂಕಕ್ಕೆ 3 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ 60 ಆಯಿತು. ಎನರ್ಜಿ ಡ್ರಿಂಕಿನ ಒಂದು ಚಿಕ್ಕ ಕ್ಯಾನ್ ಅದನ್ನು ಮೀರುತ್ತದೆ, ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ.

ಒಳ್ಳೆಯದನ್ನೂ ಹೇಳಬೇಕು. ಮಿತವಾಗಿ ಕಾಫಿ ಕುಡಿಯುವವರಲ್ಲಿ ಟೈಪ್ 2 ಮಧುಮೇಹ, ಪಾರ್ಕಿನ್‌ಸನ್ ಕಾಯಿಲೆ, ಯಕೃತ್ತಿನ ಕಾಯಿಲೆಗಳು ಕಡಿಮೆ ಕಂಡುಬಂದಿವೆ. ಇವು ಜನರನ್ನು ಗಮನಿಸಿ ಕಂಡುಕೊಂಡ ನಂಟುಗಳು, ಕಾಫಿಯೇ ಕಾರಣ ಎಂದು ಸಾಬೀತಾಗಿಲ್ಲ. ಹಾಗಾಗಿ ಕುಡಿಯದವರು ಆರೋಗ್ಯಕ್ಕೆಂದು ಶುರುಮಾಡುವ ಅಗತ್ಯವಿಲ್ಲ, ದಿನಕ್ಕೆ ಎರಡು ಕಪ್ಪಿನಲ್ಲಿ ಆರಾಮವಾಗಿರುವವರು ಹೆದರಿ ಬಿಡಬೇಕಿಲ್ಲ. ಕೆಫೀನಿಗೆ ಸಂಬಂಧವಿಲ್ಲದ ಎರಡು ತೊಂದರೆಗಳನ್ನೂ ಜನ ಅದರ ತಲೆಗೇ ಕಟ್ಟುತ್ತಾರೆ. ಕಾಫಿ, ಟೀ ಆಹಾರದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುವುದು ಅವುಗಳಲ್ಲಿನ ಪಾಲಿಫಿನಾಲ್‌ಗಳಿಂದ. ರಕ್ತಹೀನತೆ ಇರುವವರು ಊಟಕ್ಕೂ ಕಪ್ಪಿಗೂ ನಡುವೆ ಒಂದು ಗಂಟೆ ಬಿಟ್ಟರೆ ಆಯಿತು. ಸೋಸದ ಅಥವಾ ಲೋಹದ ಜಾಲರಿಯಲ್ಲಿ ಮಾತ್ರ ಸೋಸಿದ ಕಾಫಿ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದು ಅದರಲ್ಲಿನ ಎಣ್ಣೆಯಂಶ, ಕೆಫೆಸ್ಟಾಲ್‌ನಿಂದ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿದಿಡುತ್ತದೆ. ಕೆಫೀನ್ ತೆಗೆದ ಪುಡಿಗೆ ಬದಲಾಯಿಸಿದರೆ ಈ ಎರಡೂ ಸರಿಹೋಗುವುದಿಲ್ಲ.

ಮೊದಲ ಮೂರು ದಿನ: ಅಳತೆ ಮಾತ್ರ

ಮೂರು ದಿನ ಏನನ್ನೂ ಬದಲಿಸಬೇಡಿ. ಏನು ಕುಡಿದಿರಿ, ಎಷ್ಟು ಹೊತ್ತಿಗೆ, ಎಷ್ಟು ಪುಡಿ ಹಾಕಿ, ಇಷ್ಟನ್ನು ಬರೆದಿಡಿ. ‘ದಿನಕ್ಕೆ ಮೂರು ಕಪ್’ ಎಂಬ ಲೆಕ್ಕದಿಂದ ಪ್ರಯೋಜನವಿಲ್ಲ. 80 ಮಿಲಿಲೀಟರ್ ಹಿಡಿಯುವುದೂ ಕಪ್ಪೇ, 350 ಹಿಡಿಯುವುದೂ ಕಪ್ಪೇ. ಹಾಲು ಬೆರೆಸಿದರೆ, ನೀರು ಸೇರಿಸಿದರೆ ಕೆಫೀನ್ ಕಡಿಮೆಯಾಗುವುದಿಲ್ಲ, ರುಚಿ ತೆಳುವಾಗುತ್ತದೆ ಅಷ್ಟೆ. ಆದ್ದರಿಂದ ಪಾತ್ರೆಯ ಗಾತ್ರ ಬಿಟ್ಟು ಪುಡಿಯನ್ನು ತೂಗಿ.

ಅರೇಬಿಕಾ ಪುಡಿಯಲ್ಲಿ ತೂಕದ ಶೇಕಡ 1.2ರಷ್ಟು ಕೆಫೀನ್ ಇರುತ್ತದೆ, ರೋಬಸ್ಟಾದಲ್ಲಿ ಹೆಚ್ಚೂಕಡಿಮೆ ಅದರ ಎರಡರಷ್ಟು. 10 ಗ್ರಾಂ ಅರೇಬಿಕಾ ಪುಡಿ ಬಳಸಿದರೆ ಕಪ್ಪಿಗೆ ಇಳಿಯುವುದು ಸುಮಾರು 100 ಮಿಲಿಗ್ರಾಂ. ಅಷ್ಟೇ ರೋಬಸ್ಟಾ ಹಾಕಿದರೆ 200ರ ಹತ್ತಿರ. ಪುಡಿಯ ಪೊಟ್ಟಣದ ಮೇಲೆ ಎರಡರ ಮಿಶ್ರಣ ಎಷ್ಟಿದೆ ನೋಡಿ. ಬ್ರ್ಯಾಂಡ್ ಬದಲಿಸಿದ ವಾರ ನಿದ್ದೆ ಕೆಟ್ಟಿದ್ದರೆ ಕಾರಣ ಅಲ್ಲಿರಬಹುದು. ಕಡು ಹುರಿದ ಬೀಜ ‘ಸ್ಟ್ರಾಂಗ್’ ಎಂಬುದು ರುಚಿಯ ಮಾತು, ತೂಕಕ್ಕೆ ತೂಕ ಇಟ್ಟರೆ ಹುರಿಯುವ ಹದದಿಂದ ಕೆಫೀನಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಇನ್‌ಸ್ಟಂಟ್ ಪುಡಿಯ ಒಂದು ಟೀ ಚಮಚ, ಅಂದರೆ ಸುಮಾರು 2 ಗ್ರಾಂಗೆ 60 ಮಿಲಿಗ್ರಾಂ ಹಿಡಿಯಿರಿ.

ಉಳಿದವಕ್ಕೆ ಈ ಅಂದಾಜು ಸಾಕು (ಎಲ್ಲವೂ ಮಿಲಿಗ್ರಾಂಗಳಲ್ಲಿ):

240 ಮಿಲಿಲೀಟರ್ ಸೋಸಿದ ಕಾಫಿ: 95 (70ರಿಂದ 140ರವರೆಗೂ ಆಗಬಹುದು)
30 ಮಿಲಿಲೀಟರ್ ಎಸ್ಪ್ರೆಸ್ಸೊ: 63
240 ಮಿಲಿಲೀಟರ್ ಕಪ್ಪು ಟೀ: 47
240 ಮಿಲಿಲೀಟರ್ ಗ್ರೀನ್ ಟೀ: 28
355 ಮಿಲಿಲೀಟರ್ ಕೋಲಾ: 34
250 ಮಿಲಿಲೀಟರ್ ಎನರ್ಜಿ ಡ್ರಿಂಕ್: 80
ಕೆಫೀನ್ ತೆಗೆದ ಕಾಫಿ, ಒಂದು ಕಪ್: 2ರಿಂದ 15

ಟೀ ಎಲೆಯಲ್ಲಿ ತೂಕಕ್ಕೆ ತೂಕ ನೋಡಿದರೆ ಕಾಫಿಗಿಂತ ಹೆಚ್ಚೇ ಕೆಫೀನ್ ಇದೆ, ಹಾಕುವುದು 2 ಗ್ರಾಂ ಮಾತ್ರ ಆದ್ದರಿಂದ ಕಪ್ಪಿನಲ್ಲಿ ಕಡಿಮೆ. ಹೆಚ್ಚು ಹೊತ್ತು ಕುದಿಸಿದರೆ ಹೆಚ್ಚು ಇಳಿಯುತ್ತದೆ. ಎಲೆಯನ್ನು ಅರ್ಧ ನಿಮಿಷ ಬಿಸಿನೀರಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಕೆಫೀನ್ ಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ, ನಂಬಬೇಡಿ. ಅಷ್ಟರಲ್ಲಿ ಹೋಗುವುದು ಸ್ವಲ್ಪವೇ, ಹೋಗುವುದು ಹೆಚ್ಚಾಗಿ ಪರಿಮಳ.

ಪಟ್ಟಿಯಲ್ಲಿ ತಪ್ಪಿಹೋಗುವುದು ಮಾತ್ರೆಗಳು. ತಲೆನೋವು, ನೆಗಡಿಯ ಕೆಲವು ಮಾತ್ರೆಗಳಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಹಾಳೆಯ ಹಿಂಬದಿಯ ಸಣ್ಣ ಅಕ್ಷರ ಓದಿ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳಲ್ಲಿ ಒಂದು ಅಳತೆಗೇ 200 ಅಥವಾ ಅದಕ್ಕೂ ಮೇಲೆ ಇರುವುದುಂಟು. ಶುದ್ಧ ಕೆಫೀನ್ ಪುಡಿಯನ್ನಂತೂ ಮನೆಗೆ ತರಲೇಬೇಡಿ. ಒಂದು ಟೀ ಚಮಚದಲ್ಲಿ 3 ಗ್ರಾಂಗೂ ಹೆಚ್ಚು ಕೆಫೀನ್ ಇರುತ್ತದೆ, 1.2 ಗ್ರಾಂ ಒಟ್ಟಿಗೆ ಹೊಟ್ಟೆಗೆ ಹೋದರೇ ಅಪಸ್ಮಾರದಂಥ ಸೆಳೆತ ಬರಬಹುದು. ಚಮಚದ ಅಳತೆಯಲ್ಲಿ ಆಗುವ ಚಿಕ್ಕ ತಪ್ಪು ಪ್ರಾಣಕ್ಕೆ ಎರವಾಗುತ್ತದೆ.

ಇಳಿಸುವ ಕ್ರಮ

ಮೂರು ದಿನದ ಸರಾಸರಿ ತೆಗೆಯಿರಿ. ಪ್ರತಿ ಹೆಜ್ಜೆಯಲ್ಲಿ 40ರಿಂದ 50 ಮಿಲಿಗ್ರಾಂ, ಅಂದರೆ ಅರ್ಧ ಕಪ್ ಕಾಫಿ ಅಥವಾ ಒಂದು ಕಪ್ ಟೀಯಷ್ಟು ಕಡಿಮೆ ಮಾಡಿ. ಒಂದು ಹೆಜ್ಜೆಗೆ 4ರಿಂದ 7 ದಿನ ಕೊಡಿ. ದಿನದ ಕೊನೆಯ ಕಪ್ಪಿನಿಂದ ಶುರುಮಾಡಿ ಬೆಳಗಿನ ಕಡೆಗೆ ಬನ್ನಿ. ಈ ಕ್ರಮಕ್ಕೆ ಬಲವಾದ ಕಾರಣವಿದೆ. ಸಂಜೆಯದು ಹೋದರೆ ನಿದ್ದೆ ಸುಧಾರಿಸುತ್ತದೆ, ಸುಧಾರಿಸಿದ ನಿದ್ದೆ ಮುಂದಿನ ಹೆಜ್ಜೆಯನ್ನು ಸುಲಭ ಮಾಡುತ್ತದೆ. ಬೆಳಗಿನದನ್ನೇ ಮೊದಲು ಕತ್ತರಿಸಿದವರು ಇಡೀ ದಿನ ಮಂಕಾಗಿ, ಸಂಜೆಯ ಕಪ್ಪಿಗೆ ಎರಡು ಪಟ್ಟು ಸುರಿದುಕೊಳ್ಳುತ್ತಾರೆ.

ಒಂದು ಉದಾಹರಣೆ ನೋಡೋಣ. ದಿನಕ್ಕೆ ಮೂರು ಕಾಫಿ, ಎರಡು ಟೀ, ಒಟ್ಟು 379 ಮಿಲಿಗ್ರಾಂ ಎಂದಿಟ್ಟುಕೊಳ್ಳಿ.

ಮೊದಲ ವಾರ ಸಂಜೆಯ ಟೀ ನಿಲ್ಲುತ್ತದೆ, ಅದರ ಜಾಗಕ್ಕೆ ಕೆಫೀನ್ ಇಲ್ಲದ ಬಿಸಿ ಪೇಯ ಬರುತ್ತದೆ: 332.
ಎರಡನೇ ವಾರ ಮಧ್ಯಾಹ್ನದ ಮೂರನೇ ಕಾಫಿಗೆ ಅರ್ಧ ಪುಡಿ: 285.
ಮೂರನೇ ವಾರ ಆ ಕಾಫಿ ಪೂರ್ತಿ ಇಲ್ಲ: 237.
ನಾಲ್ಕನೇ ವಾರ ಎರಡನೇ ಕಾಫಿಗೆ ಅರ್ಧ ಪುಡಿ: 190.

ಬಹಳ ಜನರಿಗೆ ಇಲ್ಲಿಗೆ ನಿಂತರೆ ಸಾಕು. ನಿದ್ದೆ ಮರಳಿರುತ್ತದೆ, ಎದೆಬಡಿತ ಶಾಂತವಾಗಿರುತ್ತದೆ, ಬೆಳಗಿನ ಕಪ್ಪಿನ ಸುಖವೂ ಉಳಿದಿರುತ್ತದೆ. ಇನ್ನೂ ಇಳಿಯಬೇಕೆಂದರೆ ಐದನೇ ವಾರ ಎರಡನೇ ಕಾಫಿ ಪೂರ್ತಿ ಬಿಟ್ಟು 142, ಆರನೇ ವಾರ ಉಳಿದ ಟೀ ಬಿಟ್ಟು 95.

ಕೊನೆಯ ಕಪ್ ಎಲ್ಲಕ್ಕಿಂತ ಕಷ್ಟದ್ದು. ದಿನಕ್ಕೆ 100 ಮಿಲಿಗ್ರಾಂ ಮಾತ್ರ ಕುಡಿಯುವವರಿಗೂ ಥಟ್ಟನೆ ನಿಲ್ಲಿಸಿದರೆ ತಲೆನೋವು ಬರುತ್ತದೆ. ‘ಒಂದೇ ಕಪ್ ತಾನೆ’ ಎಂದು ಅದನ್ನು ಒಂದೇ ಏಟಿಗೆ ತುಂಡರಿಸಬೇಡಿ. ಮಾಮೂಲಿ ಪುಡಿಗೆ ಕೆಫೀನ್ ತೆಗೆದ ಪುಡಿಯನ್ನು ಬೆರೆಸುವುದು ಇಲ್ಲಿ ತುಂಬ ಚೆನ್ನಾಗಿ ಕೆಲಸಮಾಡುತ್ತದೆ. ನಾಲ್ಕು ದಿನ ಮೂರು ಪಾಲು ಮಾಮೂಲಿಗೆ ಒಂದು ಪಾಲು ಕೆಫೀನ್ ತೆಗೆದದ್ದು, ಇನ್ನು ನಾಲ್ಕು ದಿನ ಸಮಸಮ, ಮತ್ತೆ ನಾಲ್ಕು ದಿನ ಒಂದಕ್ಕೆ ಮೂರು, ಆಮೇಲೆ ಪೂರ್ತಿ ಕೆಫೀನ್ ತೆಗೆದ ಪುಡಿ. ಬಣ್ಣ, ಬಿಸಿ, ಪರಿಮಳ, ಕಹಿ ಎಲ್ಲವೂ ಇರುವುದರಿಂದ ನಾಲಿಗೆ ತಗಾದೆ ತೆಗೆಯುವುದಿಲ್ಲ. ಒಂದು ವಾರದ ಪುಡಿಯನ್ನು ಒಮ್ಮೆಲೇ ತೂಗಿ, ಬೆರೆಸಿ, ಡಬ್ಬಿಯ ಮೇಲೆ ಪಾಲು ಬರೆದಿಡಿ. ನಿದ್ದೆಗಣ್ಣಿನಲ್ಲಿ ಚಮಚದ ಅಂದಾಜಿಗೆ ಬಿಟ್ಟರೆ ಪ್ರತಿ ಬೆಳಿಗ್ಗೆಯೂ ಮಾಮೂಲಿ ಪುಡಿಯದೇ ಕೈ ಮೇಲಾಗುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಅದರ ಪಾಲು ಹೆಚ್ಚಿಸಿದರೂ ಇದೇ ಲೆಕ್ಕ ನಡೆಯುತ್ತದೆ, ರುಚಿ ಮಾತ್ರ ಬೇಗ ಬದಲಾಗುತ್ತದೆ.

ಗಡಿಯಾರದ ನಿಯಮ ಒಂದೇ: ಮಲಗುವುದಕ್ಕೆ 8 ಗಂಟೆ ಮೊದಲು ಕೊನೆಯ ಕಪ್. ರಾತ್ರಿ 10ಕ್ಕೆ ಮಲಗುವವರಿಗೆ ಮಧ್ಯಾಹ್ನ 2. ಇಷ್ಟಾದರೂ ನಿದ್ದೆ ಹಗುರವಾಗಿಯೇ ಇದ್ದರೆ ನೀವು ನಿಧಾನ ಕರಗಿಸುವವರು, 12ಕ್ಕೆ ಎಳೆಯಿರಿ. ಒಟ್ಟು ಪ್ರಮಾಣವನ್ನು ಮುಟ್ಟದೆ ಈ ಒಂದನ್ನು ಪಾಲಿಸಿದರೂ ಅರ್ಧ ಫಲ ಸಿಗುತ್ತದೆ. ಹೀಗಾಗಿ ‘ಏನನ್ನೂ ಬಿಡಲಾರೆ’ ಎನ್ನುವವರಿಗೆ ಹೇಳಬೇಕಾದದ್ದು ಇದನ್ನೇ.

ತಲೆನೋವು ಬಂದರೆ

ಕೆಫೀನ್ ಬಿಟ್ಟಾಗಿನ ಲಕ್ಷಣಗಳು ಕೊನೆಯ ಕಪ್ ಕುಡಿದ 12ರಿಂದ 24 ಗಂಟೆಗೆ ಶುರುವಾಗುತ್ತವೆ. 20ರಿಂದ 51 ಗಂಟೆಯ ನಡುವೆ ತುತ್ತತುದಿಗೇರಿ, 2ರಿಂದ 9 ದಿನದಲ್ಲಿ ಹೋಗುತ್ತವೆ. ಥಟ್ಟನೆ ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಲೆನೋವು ಬರುತ್ತದೆ. ಜೊತೆಗೆ ತೂಕಡಿಕೆ, ಸಿಡುಕು, ಮನಸ್ಸು ಮಂಕಾಗುವುದು, ಗಮನ ನಿಲ್ಲದಿರುವುದು, ಕೆಲವರಿಗೆ ವಾಕರಿಕೆ, ಜ್ವರ ಬರುವ ಮುನ್ನ ಇರುವಂಥ ಮೈಕೈನೋವು. ಇದು ನೆಪವಲ್ಲ, ಸೋಮಾರಿತನವಲ್ಲ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2013ರಿಂದ ಇದನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಮನೆಯವರಿಗೂ ಜೊತೆಗೆ ಕೆಲಸಮಾಡುವವರಿಗೂ ಮೊದಲೇ ಹೇಳಿಟ್ಟರೆ ಆ ಎರಡು ದಿನದ ಸಿಡುಕು ಜಗಳವಾಗಿ ಬೆಳೆಯುವುದಿಲ್ಲ.

ನೋವು ಸಣ್ಣದಿದ್ದರೆ ನೀರು ಕುಡಿದು, ಕತ್ತಲ ಕೋಣೆಯಲ್ಲಿ 20 ನಿಮಿಷ ಕಣ್ಣು ಮುಚ್ಚಿ. ಕೆಲಸಕ್ಕೆ ಅಡ್ಡಿಯಾಗುವಷ್ಟಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ, ಹಿಂದಿನ ವಾರದ ಪ್ರಮಾಣದಲ್ಲಿ ಮೂರ್ನಾಲ್ಕು ದಿನ ನಿಂತು, ಮತ್ತೆ ಇಳಿಯಿರಿ. ತಡೆಯಲಾಗದೆ ಕುಡಿಯಲೇಬೇಕಾದರೆ ಕಾಲು ಕಪ್ ಕುಡಿದು ಒಂದು ಗಂಟೆ ಕಾಯಿರಿ. ನೋವು ತಗ್ಗಿಸಲು 25 ಮಿಲಿಗ್ರಾಂನಷ್ಟೇ ಸಾಕಾಗುವುದುಂಟು, ಪೂರ್ತಿ ಕಪ್ಪಿಗೆ ಹೋಗಬೇಕಿಲ್ಲ. ಮಾತ್ರೆ ಬೇಕೆನಿಸಿದರೆ ಕೆಫೀನ್ ಇಲ್ಲದ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು, ಚೀಟಿಯ ಮೇಲಿನ ಪ್ರಮಾಣ ಮೀರಬೇಡಿ, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳಿ. ಕೆಫೀನ್ ಸೇರಿಸಿದ ಮಾತ್ರೆ ನುಂಗಿದರೆ ನೋವು ಮಾಯವಾಗುತ್ತದೆ, ಆದರೆ ಬಾಗಿಲಲ್ಲಿ ಕಳಿಸಿದ್ದನ್ನು ಕಿಟಕಿಯಲ್ಲಿ ಕರೆದುಕೊಂಡಂತೆ. ಅಂಥ ಮಾತ್ರೆಯನ್ನು ತಿಂಗಳಿಗೆ 10 ದಿನಕ್ಕಿಂತ ಹೆಚ್ಚು ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಿಬಿಡುತ್ತದೆ.

ಎಲ್ಲ ತಲೆನೋವನ್ನೂ ಕೆಫೀನಿನ ಲೆಕ್ಕಕ್ಕೆ ಬರೆಯುವುದು ಅಪಾಯ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ಅತಿ ತೀವ್ರ ನೋವು, ನೋವಿನ ಜೊತೆ ಜ್ವರ ಮತ್ತು ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, ದೃಷ್ಟಿ ಮಸುಕಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎದೆಬಡಿತದ ಜೊತೆ ಎದೆನೋವು ಅಥವಾ ತಲೆ ಸುತ್ತಿ ಬೀಳುವುದಿದ್ದರೂ ಹಾಗೆಯೇ. 10 ದಿನ ಕಳೆದರೂ ಹೋಗದ ನೋವನ್ನು, ಎರಡು ವಾರ ಕಳೆದರೂ ಏಳದ ಮನಸ್ಸನ್ನು ವೈದ್ಯರಿಗೆ ತೋರಿಸಿ.

ಎಲ್ಲಿ ಕೈ ತಪ್ಪುತ್ತದೆ

ಕಾಫಿ ಬಿಟ್ಟು ಕೋಲಾ ಹಿಡಿಯುವುದು ಮೊದಲ ತಪ್ಪು. ಕೆಫೀನ್ ಒಂದಿಷ್ಟು ಇಳಿಯಿತು ಎನ್ನುವಷ್ಟರಲ್ಲಿ ಒಂದು ಕ್ಯಾನಿಗೆ 35 ಗ್ರಾಂಗೂ ಹೆಚ್ಚು ಸಕ್ಕರೆ ಸೇರಿಕೊಂಡಿರುತ್ತದೆ. ಕಪ್ ತೆಗೆದ ಜಾಗ ಖಾಲಿ ಬಿಡುವುದೂ ತಪ್ಪೇ. ಆ ಹೊತ್ತಿಗೆ ಎದ್ದು ಹೋಗುವುದು, ಬಿಸಿ ಲೋಟ ಹಿಡಿಯುವುದು, ಹತ್ತು ನಿಮಿಷ ಯಾರದಾದರೂ ಜೊತೆ ನಿಲ್ಲುವುದು, ಈ ಅಭ್ಯಾಸಕ್ಕೆ ಕೆಫೀನಿಗಿಂತ ಆಳದ ಬೇರಿದೆ. ಹೊತ್ತನ್ನೂ ಲೋಟವನ್ನೂ ಉಳಿಸಿಕೊಳ್ಳಿ, ಒಳಗಿರುವುದನ್ನು ಬದಲಿಸಿ.

ಇಳಿಸಿದ ಮೊದಲ ವಾರಗಳಲ್ಲಿ ಹೆಚ್ಚಾಗುವ ನಿದ್ದೆಯನ್ನು ದೋಷವೆಂದು ತಿಳಿಯಬೇಡಿ. ಕೆಫೀನ್ ಇಷ್ಟು ದಿನ ಮುಚ್ಚಿಟ್ಟಿದ್ದ ನಿದ್ದೆಯ ಬಾಕಿ ಅದು. ಅರ್ಧದಿಂದ ಮುಕ್ಕಾಲು ಗಂಟೆ ಬೇಗ ಮಲಗಿ. ಮಧ್ಯಾಹ್ನ ತಡೆಯಲಾಗದಿದ್ದರೆ 20 ನಿಮಿಷಕ್ಕೆ ಅಲಾರಂ ಇಟ್ಟು ಕಣ್ಣು ಮುಚ್ಚಿ. ಅದಕ್ಕಿಂತ ಹೆಚ್ಚಾದರೆ ಗಾಢ ನಿದ್ದೆಗೆ ಇಳಿದು, ಎದ್ದಾಗ ತಲೆ ಇನ್ನಷ್ಟು ಭಾರವಾಗುತ್ತದೆ. ಮಲಬದ್ಧತೆಯೂ ಕೆಲವರನ್ನು ಕಾಡುತ್ತದೆ. ಕಾಫಿ ದೊಡ್ಡಕರುಳನ್ನು ಚುರುಕುಗೊಳಿಸುತ್ತದೆ, ಅದು ತಪ್ಪಿದಾಗ ನಾಲ್ಕೈದು ದಿನ ಹೊಟ್ಟೆ ಮೊಂಡಾಗುತ್ತದೆ. ಬೆಳಿಗ್ಗೆ ಬಿಸಿನೀರು, ನಾರಿನಂಶದ ಆಹಾರ, ಸ್ವಲ್ಪ ನಡಿಗೆ ಸಾಕು. ಕೆಫೀನ್ ತೆಗೆದ ಕಾಫಿಗೂ ಈ ಗುಣ ಇದೆ.

ಪರೀಕ್ಷೆಯ ವಾರ, ರಾತ್ರಿ ಪಾಳಿ ಬದಲಾಗುವ ವಾರ, ಜ್ವರದ ದಿನಗಳಲ್ಲಿ ಹೊಸ ಹೆಜ್ಜೆ ಇಡಬೇಡಿ, ಇದ್ದಲ್ಲೇ ನಿಲ್ಲಿ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಮಾತ್ರ ಮುಂಚೆಯೇ ಶುರುಮಾಡಿ. ಖಾಲಿ ಹೊಟ್ಟೆಯಲ್ಲಿರಬೇಕಾದ ಆ ದಿನ ಕೆಫೀನ್ ತಪ್ಪಿ, ಎಚ್ಚರವಾದಾಗ ತಲೆ ಸಿಡಿಯುವುದು ಸಾಮಾನ್ಯ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಅರಿವಳಿಕೆ ವೈದ್ಯರಿಗೆ ಹೇಳಿ.

ಮಾತ್ರೆ ತೆಗೆದುಕೊಳ್ಳುವವರು ಓದಲೇಬೇಕಾದದ್ದು

ಕೆಫೀನ್ ಇಳಿಸುವುದು ಕೆಲವರ ಔಷಧದ ಮಟ್ಟವನ್ನೇ ಬದಲಿಸುತ್ತದೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಸೇವಿಸುವವರು ಕಾಫಿ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ, ಅದು ವಿಷದ ಮಟ್ಟ ಮುಟ್ಟಬಹುದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಸೇವಿಸುವವರಲ್ಲಿ ಇದಕ್ಕೆ ವಿರುದ್ಧ, ಕೆಫೀನ್ ನಿಂತರೆ ಔಷಧದ ಮಟ್ಟ ಕುಸಿಯುತ್ತದೆ. ಈ ಎರಡನ್ನು ಸೇವಿಸುವವರು ವೈದ್ಯರಿಗೆ ಹೇಳದೆ ಒಂದು ಕಪ್ಪನ್ನೂ ಹೆಚ್ಚುಕಡಿಮೆ ಮಾಡಬಾರದು. ಉಸಿರಾಟದ ತೊಂದರೆಗೆ ಥಿಯೋಫಿಲಿನ್ ತೆಗೆದುಕೊಳ್ಳುವವರೂ ತಿಳಿಸಬೇಕು. ಅದು ಕೆಫೀನಿನ ಹತ್ತಿರದ ನೆಂಟ, ಎರಡೂ ಸೇರಿದರೆ ನಡುಕ, ಎದೆಬಡಿತ ಹೆಚ್ಚುತ್ತವೆ.

ಗೀಳು, ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್, ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಕೆಫೀನನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತವೆ, ದಿನದ ಮಾಮೂಲಿ ಕಪ್ಪೇ ಆಗ ವಿಪರೀತ ಅನ್ನಿಸುತ್ತದೆ. ಗರ್ಭನಿರೋಧಕ ಮಾತ್ರೆಗಳು ಅರ್ಧಾಯುಷ್ಯವನ್ನು ಸುಮಾರು ಎರಡು ಪಟ್ಟು ಮಾಡುತ್ತವೆ. ಥೈರಾಯ್ಡಿನ ಲೆವೊಥೈರಾಕ್ಸಿನ್ ಮಾತ್ರೆಯನ್ನು ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟೇ ಕಾಫಿ ಕುಡಿಯಿರಿ, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಸಿಗರೇಟು ಬಿಡುತ್ತಿರುವವರ ಸಂಗತಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹೊಗೆಯಲ್ಲಿರುವ ವಸ್ತುಗಳು ಆ ಕಿಣ್ವವನ್ನು ಚುರುಕುಗೊಳಿಸಿ ಕೆಫೀನ್ ಬೇಗ ಕರಗುವಂತೆ ಮಾಡಿರುತ್ತವೆ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ, ಅದೇ ಅಳತೆಯ ಕಾಫಿಯಿಂದ ರಕ್ತದಲ್ಲಿ ಎರಡರಷ್ಟು ಕೆಫೀನ್ ಉಳಿಯುತ್ತದೆ. ಆಗ ಬರುವ ಕಳವಳ, ನಿದ್ದೆಗೇಡನ್ನು ಎಲ್ಲರೂ ನಿಕೋಟಿನ್ ಬಿಟ್ಟ ಸಂಕಟವೆಂದೇ ತಿಳಿದು ಮತ್ತೆ ಹಚ್ಚುತ್ತಾರೆ. ಸಿಗರೇಟು ಬಿಟ್ಟ ವಾರದಲ್ಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಈ ಒಂದು ಸಂದರ್ಭದಲ್ಲಿ ಅಷ್ಟು ಬೇಗ ಇಳಿಸಬಹುದು, ರಕ್ತದಲ್ಲಿ ಉಳಿಯುವ ಪ್ರಮಾಣ ಮೊದಲಿನಷ್ಟೇ ಇರುತ್ತದೆ.

ಇಳಿದ ಮೇಲೆ

ಗುರಿ ಮುಟ್ಟಿ ಒಂದು ತಿಂಗಳಾದಾಗ ಮತ್ತೆ ಮೂರು ದಿನ ಬರೆದಿಡಿ. ಚಮಚ ತುಂಬಿ ತುಳುಕುತ್ತ ಬಂದಿರುತ್ತದೆ, ಪುಡಿಯ ಬ್ರ್ಯಾಂಡ್ ಬದಲಾಗಿರುತ್ತದೆ, ಸಂಜೆಯ ಒಂದು ಟೀ ಯಾವಾಗಲೋ ಒಳಗೆ ಬಂದಿರುತ್ತದೆ. ಈಗ ಸಹಿಷ್ಣುತೆ ಕಡಿಮೆಯಾಗಿರುವುದರಿಂದ ಮೊದಲು ಏನೂ ಅನ್ನಿಸದಿದ್ದ ಎರಡು ಕಪ್ ಈಗ ಕೈ ನಡುಗಿಸಬಹುದು. ದೂರ ಪ್ರಯಾಣದಲ್ಲಿ ಗಾಡಿ ಓಡಿಸುವಂಥ ಅಗತ್ಯದ ದಿನ ಅರ್ಧ ಕಪ್ಪೇ ಸಾಕಾಗುತ್ತದೆ, ಅದನ್ನು ಕುಡಿದು ಒಡನೆ 15 ನಿಮಿಷ ಗಾಡಿ ನಿಲ್ಲಿಸಿ ಮಲಗಿದರೆ, ಏಳುವ ಹೊತ್ತಿಗೆ ಕೆಫೀನ್ ಕೆಲಸ ಶುರುಮಾಡಿರುತ್ತದೆ.

ಒಂದು ದಿನ ಹೆಚ್ಚು ಕುಡಿದರೆ ಮರುದಿನ ಹಳೆಯ ಅಳತೆಗೆ ಮರಳಿದರಾಯಿತು, ಶಿಕ್ಷೆಯಂತೆ ಪೂರ್ತಿ ಬಿಡಬೇಕಿಲ್ಲ. ಆದರೆ ಮೂರು ದಿನ ಸತತವಾಗಿ ಕುಡಿದರೇ ದೇಹ ಮತ್ತೆ ಅವಲಂಬಿಸಲು ಶುರುಮಾಡಬಹುದು. ಪ್ರವಾಸವೋ ಮದುವೆಯೋ ಮುಗಿಸಿ ಒಂದು ವಾರ ದಿನಕ್ಕೆ ನಾಲ್ಕು ಕಪ್ ಕುಡಿದು ಮನೆಗೆ ಬಂದಿದ್ದರೆ, ಮರುದಿನವೇ ಒಂದಕ್ಕೆ ಹಾರದೆ ಮೂರು ದಿನಕ್ಕೊಮ್ಮೆ ಅರ್ಧ ಕಪ್ಪಿನಂತೆ ಇಳಿಯಿರಿ, ಸಂಜೆಯದರಿಂದಲೇ ಶುರು.